ಕಂಠಿ ಇಲ್ಲದ ಗಿಳಿಗಳು

ಮಾವಳ್ಳಿ, ಬೆಂಗಳೂರು
9 ಮಾರ್ಚ್ 2025, ಭಾನುವಾರ

ನನ್ನ ಹೇಮಾ,

ಹೇಗಿದ್ದೀಯಮ್ಮ? ದಾವಣಗೆರೆಯ ಬಿಸಿಲು ಈಗಲೇ ಸುಡುತ್ತಿದೆಯಂತೆ, ಪೇಪರಿನಲ್ಲಿ ಓದಿದೆ. ಕೆಳಗಿನ ಮನೆಯ ಗೌರಜ್ಜಿಯ ಮಂಡಿನೋವು ಇಳಿಯಿತೆ? ನಿನ್ನ ಲ್ಯಾಬಿನ ಸುಜಾತಾಗೆ ಹೆರಿಗೆ ಆಯಿತೆ? ನಿಮ್ಮ ಬೆಕ್ಕು ಗುಂಡ ಇನ್ನೂ ಪಕ್ಕದ ಮನೆಯ ಹಾಲಿಗೆ ಹೋಗುತ್ತಾನೋ, ಬುದ್ಧಿ ಕಲಿತನೋ? ನಿನ್ನ ಜೊತೆಗಿರುವ ಹುಡುಗಿಯೂ ಆರೋಗ್ಯವಾಗಿದ್ದಾಳೆ ತಾನೆ?

ಇಲ್ಲಿ ಎಲ್ಲರೂ ಇದ್ದ ಹಾಗೆ ಇದ್ದೇವೆ. ನಿಮ್ಮಪ್ಪನಿಗೆ ಬಿಪಿ ಮಾತ್ರೆ ಬದಲಾಯಿಸಿದ್ದಾರೆ, ಕೋಪ ಬದಲಾಗಿಲ್ಲ. ನಿನ್ನ ತಮ್ಮ ರವಿಕುಮಾರನೂ ಭಾಗ್ಯಳೂ ವಾರಕ್ಕೊಮ್ಮೆ ಬಂದು ಹೋಗುತ್ತಾರೆ. ಸಂಕ್ರಾಂತಿಗೆ ನೀನು ಕಳಿಸಿದ ಎಳ್ಳುಬೆಲ್ಲ ಬಂತು, ಅದರೊಳಗಿನ ಚೀಟಿಯೂ ಬಂತು. ಯುಗಾದಿ ಹತ್ತಿರ ಬರುತ್ತಿರುವಾಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ನನಗೆ ಬರೆಯುವುದು ಎಂದರೆ ಏನೆಂದು ನಿನಗೆ ಗೊತ್ತಲ್ಲ. ಶಾಲೆಯ ಮುಖ ಕಾಣದವಳು ನಾನು. ನಿಮ್ಮಪ್ಪ ಬೋರ್ಡ್ ಬರೆಯುವಾಗ ಪಕ್ಕದಲ್ಲಿ ಕೂತು ಕಲಿತ ಅಕ್ಷರ ಇವು. ಅ ಆ ಇ ಈ ಕಲಿಯುವುದಕ್ಕೆ ಮೊದಲೇ 'ಸುಸ್ವಾಗತ' ಕಲಿತೆ. ಅದಕ್ಕೇ ಈಗಲೂ ನನ್ನ ಕಾಗದ ಛತ್ರದ ಬಾಗಿಲಿನ ಹಾಗೆ ದಪ್ಪ ಅಕ್ಷರದಲ್ಲಿರುತ್ತದೆ ಎಂದು ನೀನು ನಗುತ್ತಿದ್ದೆ.

ಫೋನಿನಲ್ಲಿ ಹೇಳಬಹುದಿತ್ತು. ಆದರೆ ರವಿಯ ಮದುವೆ ಆದಾಗಿನಿಂದ ನಮ್ಮಿಬ್ಬರ ಫೋನು 'ಊಟ ಆಯ್ತಾ, ಮಳೆ ಬಂತಾ' ಎನ್ನುವಲ್ಲಿಗೇ ನಿಂತುಬಿಡುತ್ತದೆ. ಈ ಸುದ್ದಿ ಅಲ್ಲಿಗೆ ನಿಲ್ಲುವಂಥದ್ದಲ್ಲ.

ನಾನು ಮತ್ತೆ ಹಕ್ಕಿ ಬರೆಯುತ್ತಿದ್ದೇನೆ, ಹೇಮಾ.

ಆದದ್ದು ಹೀಗೆ. ಗಾಂಧಿ ಬಜಾರಿನಲ್ಲಿ ನಮ್ಮ ಮುನಿಯಕ್ಕ ಹೂವು ಮಾರುವ ಜಾಗ ಇದೆಯಲ್ಲ, ಅದರ ಬೆನ್ನಿಗೆ ಬಿಸಿಲು ತಡೆಯಲು ಅವಳು ಒರಗಿಸಿರುವುದು ನಮ್ಮದೇ ಹಳೆಯ ಮದುವೆ ಬೋರ್ಡು. ಹೆಸರುಗಳೆಲ್ಲ ಉದುರಿಹೋಗಿವೆ, ಎರಡು ಕಡೆಯ ಗಿಳಿಗಳು ಮಾತ್ರ ಗಟ್ಟಿಯಾಗಿ ಕೂತಿವೆ. ಅಲ್ಲೇ ಹಿಂದಿನ ರಸ್ತೆಯಲ್ಲಿ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುವ ಹರ್ಷಿತಾ ಎನ್ನುವ ಹುಡುಗಿ ಮಲ್ಲಿಗೆ ಕೊಳ್ಳಲು ಬಂದವಳು ಗಿಳಿ ನೋಡಿ ನಿಂತಳಂತೆ.

"ಇದ್ಯಾರು ಬರ್ದಿದ್ದು?"

"ನಮ್ ಅಂಜಿನಮ್ಮ," ಎಂದಳಂತೆ ಮುನಿಯಕ್ಕ. "ಕೈ ನೋಡಿದ್ರೆ ಮುದ್ದೆ ತಿರುವೋ ಕೈ. ಗಿಳಿ ನೋಡಿ, ಉಶ್ ಅಂದ್ರೆ ಹಾರ್ತವೆ. ಮೊಳ ಎಷ್ಟು ಕೊಡ್ಲಿ?"

ಆ ಹುಡುಗಿ ಹುಡುಕಿಕೊಂಡು ಮನೆಗೇ ಬಂದಳು. ಮದುವೆ ಬೋರ್ಡಿನ ಹಾಗೆಯೇ ಜೋಡಿ ಹಕ್ಕಿಗಳ ಒಂದು ಸಾಲು ಬರೆಯಿರಿ, ನಾಲ್ಕು ಜನ ನೋಡಲಿ ಎಂದಳು. ಫ್ಲೆಕ್ಸ್ ಬಂದ ಮೇಲೆ ಕುಂಚ ಕಟ್ಟಿ ಅಟ್ಟಕ್ಕೆ ಹಾಕಿದವಳು ನಾನು. ಬೇಡ ಎನ್ನಬೇಕು ಎಂದುಕೊಂಡೆ. ಬಾಯಿಂದ ಬಂದದ್ದು, "ಎನಾಮಲ್ ಈಗ ಎಲ್ಲಿ ಸಿಗುತ್ತೆ?" ನಿಮ್ಮಪ್ಪ ಒಳಗಿನಿಂದ, "ಸುಮ್ನೆ ಕೂತ್ಕೊಳಕ್ಕಾಗಲ್ಲ ಇವ್ಳಿಗೆ" ಎಂದರು. ಸಂಜೆ ಅವರೇ ಹೋಗಿ ಹಸಿರು, ಹಳದಿ, ಕೆಂಪು ಡಬ್ಬ ತಂದಿಟ್ಟರು.

ನನ್ನದೊಂದು ಪೆದ್ದುತನ ಕೇಳು. ಲಾಲ್‌ಬಾಗಿನ ಗೋಡೆಯ ಪಕ್ಕದಲ್ಲೇ ಬದುಕು ಸವೆಸಿದವಳು, ಒಂದು ದಿನವೂ ತಲೆಯೆತ್ತಿ ಹಕ್ಕಿ ನೋಡಿರಲಿಲ್ಲ. ನಮ್ಮತ್ತೆ ಹೇಳಿಕೊಟ್ಟ ಗಿಳಿಯನ್ನೇ ಬರೆಯುತ್ತಿದ್ದೆ. ಕೊಕ್ಕಿನಿಂದ ಹಿಡಿದರೆ ಬಾಲದ ತುದಿಯವರೆಗೆ ಕೈ ಎತ್ತುವಂತಿಲ್ಲ, ಕತ್ತಿನ ಸುತ್ತಲಿನ ಬಳೆ, ಆ ಕಂಠಿಯನ್ನು ಮಾತ್ರ ಕೊನೆಯಲ್ಲಿ, ಕೆಂಪು ಒಂದೆಳೆ ಕಪ್ಪು ಒಂದೆಳೆ. ಹರ್ಷಿತಾ ದುರ್ಬೀನು ಹಿಡಿದು ಬೆಳಗ್ಗೆ ಬೆಳಗ್ಗೆ ನನ್ನನ್ನು ಲಾಲ್‌ಬಾಗಿಗೆ ಎಳೆದುಕೊಂಡು ಹೋದಳು. ಮೊದಲ ದಿನ ಎಲೆ ಬಿಟ್ಟು ಬೇರೇನೂ ಕಾಣಲಿಲ್ಲ. ಆಮೇಲೆ ಒಂದೊಂದೇ ಕಂಡವು. ಕೋಗಿಲೆ ಕಪ್ಪು ಎನ್ನುತ್ತೇವಲ್ಲ, ಅದು ಗಂಡು ಮಾತ್ರವಂತೆ. ಹೆಣ್ಣು ಕೋಗಿಲೆಯ ಮೈಮೇಲೆ ಬಿಳಿ ಚುಕ್ಕಿಯ ಸೀರೆ, ಕಣ್ಣಲ್ಲಿ ಸಂಜೆಯ ಕೆಂಪು. ಇಷ್ಟು ಚೆಂದದ್ದನ್ನು ಯಾರೂ ಹೇಳಲೇ ಇಲ್ಲವಲ್ಲ ಎಂದು ಬೇಜಾರಾಯಿತು. ಸೂರಕ್ಕಿಯಲ್ಲಿ ಗಂಡು ಮಿಂಚುತ್ತಾನೆ, ಹೆಣ್ಣು ನಿಂಬೆಹಣ್ಣಿನ ಸಿಪ್ಪೆಯ ಬಣ್ಣ. ಗೊರವಂಕದಲ್ಲಿ ಗಂಡ ಯಾರು ಹೆಂಡತಿ ಯಾರು ಎಂದು ಅವಕ್ಕೇ ಗೊತ್ತಿರಬೇಕು.

ಕೊನೆಗೆ ಗಿಳಿ. ಹರ್ಷಿತಾ ದುರ್ಬೀನು ನನ್ನ ಕಣ್ಣಿಗೆ ಹಿಡಿದು, "ಆಂಟಿ, ಕಂಠಿ ಇರೋದು ಗಂಡಿಗೆ ಮಾತ್ರ. ಹೆಣ್ಣಿನ ಕತ್ತು ಖಾಲಿ" ಎಂದಳು.

ನಾನು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟೆ. ಬರೆದ ಅಷ್ಟೂ ಬೋರ್ಡುಗಳಲ್ಲಿ ಎರಡು ಗಿಳಿಗೂ ಕಂಠಿ ಹಾಕಿದ್ದೇನೆ! ಮನೆಗೆ ಬಂದು ಹೇಳಿದರೆ ನಿಮ್ಮಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಅಲ್ವೇ ಅಂಜಿನಿ, ನಲವತ್ತು ವರ್ಷ ಗಂಡಿಗೂ ಗಂಡಿಗೂ ಗಂಟು ಹಾಕಿದೀಯಲ್ಲೇ!"

"ನೀವೇನು ಕಮ್ಮಿನಾ? ಮಹಾನಂದನ ಬೋರ್ಡು ಮರ್ತ್ರಾ?" ಎಂದೆ.

ಆ ಕಥೆ ನಿನಗೆ ನೆನಪಿರಬೇಕು. ಚಾಮರಾಜಪೇಟೆಯ ಒಂದು ಮದುವೆಗೆ ನಿಮ್ಮಪ್ಪ ಹೆಸರುಗಳನ್ನು ಫೋನಿನಲ್ಲಿ ಕೇಳಿಕೊಂಡರು. ಮನೋಹರ್, ಮಹಾನಂದ. ಮಹಾನಂದ ಎಂದರೆ ಹುಡುಗನೇ ಇರಬೇಕು, ಇದು ಜೋಡಿ ಮದುವೆ, ಹೆಣ್ಣುಮಕ್ಕಳ ಹೆಸರು ಇನ್ನೊಂದು ಬೋರ್ಡಿಗೆ ಬರಬೇಕು ಎಂದುಕೊಂಡು ಎರಡಕ್ಕೂ ಮುಂದೆ ಚಿ॥ ರಾ॥ ಬರೆದಿಟ್ಟರು. ಮದುವಣಗಿತ್ತಿಯ ಸೋದರತ್ತೆ ಛತ್ರದ ಬಾಗಿಲಲ್ಲಿ, "ನಮ್ ಹುಡುಗೀನ ಚಿರಂಜೀವಿ ರಾಜಶ್ರೀ ಮಾಡ್ಬಿಟ್ರಾ? ಚಿರಂಜೀವಿ ಸೌಭಾಗ್ಯವತಿ ಎಲ್ರೀ?" ಎಂದು ಕೂಗಾಡಿದಳು. ಅಂದಿನಿಂದಲೇ ನಮ್ಮ ಅಂಗಡಿಯ ಕಟ್ಟಳೆ ಆದದ್ದು: ಹೆಸರು ಆ ಮನೆಯವರ ಕೈಬರಹದಲ್ಲಿ, ಕಾಗದದ ಮೇಲೆ ಬರಬೇಕು. ಇಲ್ಲದಿದ್ದರೆ ನಿಮ್ಮಪ್ಪ ಕುಂಚ ಅದ್ದುವುದಿಲ್ಲ.

ಈಗಲೂ ಹಾಗೆಯೇ ಕೆಲಸ. ನಾನು ಹಕ್ಕಿ ಬರೆದು ಕೆಳಗೆ ಪಟ್ಟಿ ಖಾಲಿ ಬಿಡುತ್ತೇನೆ, ಹಕ್ಕಿಯ ಹೆಸರು ಅವರು ಬರೆಯುತ್ತಾರೆ. ಸೂರಕ್ಕಿಯ 'ಕ್ಕಿ'ಯನ್ನು ಎಷ್ಟು ಚೆಂದ ತಿರುಗಿಸಿದ್ದಾರೆ ಎಂದರೆ, ಹಕ್ಕಿಗಿಂತ ಅದನ್ನೇ ನೋಡುತ್ತಾಳೆ ಹರ್ಷಿತಾ. ಕೈ ನಡುಗುತ್ತದೆ ಎನ್ನುತ್ತಿದ್ದ ಮನುಷ್ಯನಿಗೆ ಕುಂಚ ಹಿಡಿದರೆ ನಡುಕವಿಲ್ಲ.

ಈಗ ಬರೆಯಬೇಕಾದ ಮಾತಿಗೆ ಬರುತ್ತೇನೆ.

ಒಂದು ಬೆಳಗ್ಗೆ ಬೂರುಗದ ಮರದ ಕೊಂಬೆಯ ಮೇಲೆ ಎರಡು ಗಿಳಿ ಕೂತಿದ್ದವು. ಎರಡರ ಕತ್ತೂ ಖಾಲಿ. ಒಂದು ತಲೆ ಬಗ್ಗಿಸಿ ಕೊಡುತ್ತದೆ, ಇನ್ನೊಂದು ಕೊಕ್ಕಿನಿಂದ ಅದರ ಕತ್ತಿನ ಗರಿ ಸರಿಮಾಡುತ್ತದೆ. ಆಮೇಲೆ ಸರದಿ ಬದಲಾಗುತ್ತದೆ. ಎಣ್ಣೆ ಹಚ್ಚಿ ತಲೆ ಬಾಚುವವರ ಹಾಗೆ. "ಎಳೇ ಗಂಡಿಗೂ ಕಂಠಿ ಮೂಡಿರಲ್ಲ ಆಂಟಿ, ಇಷ್ಟು ದೂರದಿಂದ ಹೇಳಕ್ಕಾಗಲ್ಲ" ಎಂದಳು ಹರ್ಷಿತಾ. ಇರಬಹುದು. ನಾನು ಬರೆದದ್ದು ಮಾತ್ರ ಎರಡು ಹೆಣ್ಣನ್ನು. ಬೇಕೆಂದೇ ಬರೆದೆ. ಬೇರೆಯವೆಲ್ಲ ಪ್ಲೈವುಡ್ಡಿನ ಮೇಲೆ, ಇದನ್ನು ಮಾತ್ರ ಮನೆಯಲ್ಲಿದ್ದ ಒಂದು ಹಳೆಯ ಹಲಗೆಯ ಮೇಲೆ.

ಬರೆಯುವಾಗ ಕಣ್ಣ ಮುಂದೆ ಇದ್ದದ್ದು ರವಿಯ ಮದುವೆಯ ದಿನ. "ಅಮ್ಮಾ, ನನಗೆ ಗಂಡು ನೋಡಬೇಡಿ, ಇವಳ ಜೊತೆಗೇ ನನ್ನ ಸಂಸಾರ" ಎಂದು ನೀನು ಅದಕ್ಕೆ ಮುಂಚೆಯೇ ಹೇಳಿದ್ದೆ. ನನಗೆ ಅರ್ಥವಾಗಲು ದಿನ ಹಿಡಿಯಿತು, ನಿಮ್ಮಪ್ಪನಿಗೆ ಅರ್ಥವಾದ ದಿನ ಮಾತು ನಿಂತಿತು. ಆದರೂ ತಮ್ಮನ ಮದುವೆಗೆ ಅವಳನ್ನು ಕರೆದುಕೊಂಡು ಬಂದೆ. ಅವಳು ಬಾಳೆಲೆ ಹಾಕಿದಳು, ಭಾಗ್ಯಳ ಜಡೆಗೆ ಹೂ ಮುಡಿಸಿದಳು. ಫೋಟೋದವನು "ಫ್ಯಾಮಿಲಿ ಮಾತ್ರ ಬನ್ನಿ" ಎಂದಾಗ ಅವಳು ತಾನಾಗಿಯೇ ಪಕ್ಕಕ್ಕೆ ಸರಿದಳು. ನೀನು ನಿಮ್ಮಪ್ಪನ ಮುಖ ನೋಡಿದೆ, ಅವರು ಕ್ಯಾಮೆರಾ ನೋಡಿದರು. ಊಟಕ್ಕೂ ನಿಲ್ಲದೆ ನೀವಿಬ್ಬರೂ ಬಸ್ಸು ಹತ್ತಿದಿರಿ. ಅಂದಿನಿಂದ ನೀನು ಈ ಮನೆಯ ಹೊಸಿಲು ದಾಟಿಲ್ಲ. ಆ ಫೋಟೋವನ್ನು ನಾನು ಗೋಡೆಗೆ ಹಾಕಿಲ್ಲ. ರವಿಯೂ ಕೇಳಿಲ್ಲ.

ನಿಮ್ಮಪ್ಪ ಆ ಗಿಳಿಗಳನ್ನು ನೋಡಿದರು. "ಇದೇನೇ, ಎರಡಕ್ಕೂ ಕಂಠಿ ಇಲ್ಲ?" ಎಂದರು. "ಇರೋದೇ ಹಾಗೆ" ಎಂದೆ. ಎಲ್ಲ ಹಕ್ಕಿಗಳಿಗೂ ಹೆಸರು ಬರೆದರು, ಆ ಗಿಳಿಗಳ ಪಟ್ಟಿ ಮಾತ್ರ ಹಾಗೆಯೇ ಬಿಟ್ಟರು.

ಕಳೆದ ವಾರ ವೃಷಭೇಂದ್ರಪ್ಪನವರು ಮನೆಗೆ ಬಂದಿದ್ದರು. ಬಸವನಗುಡಿಯಲ್ಲಿ ಫೋಟೋಗೆ ಕಟ್ಟು ಹಾಕುವ ಅವರ ಅಂಗಡಿ ನಿನಗೆ ಗೊತ್ತಿದೆ. ಅಂಗಡಿಯ ಮೇಲಿನ ದೊಡ್ಡ ಕೋಣೆಯಲ್ಲೇ ಯುಗಾದಿಯ ಹಿಂದಿನ ದಿನದಿಂದ ನನ್ನ ಹಕ್ಕಿಗಳನ್ನು ಜನ ನೋಡಲು ಇಡುವುದು. ಒಳ್ಳೆಯ ಮನುಷ್ಯ, ಒಂದೊಂದನ್ನೂ ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಗಿಳಿಗಳ ಮುಂದೆ ನಿಂತವರು ನಿಮ್ಮಪ್ಪನ ಕಡೆ ತಿರುಗಿದರು.

"ಕಾಳಪ್ನೋರೆ, ಇದು ನಂಗೆ ಬೇಕು. ಮೊಮ್ಮಗಳು ಶಿವರಂಜಿನಿ ಮದುವೆ ಮೇ ತಿಂಗಳಲ್ಲಿ. ಛತ್ರದ ಬಾಗ್ಲಲ್ಲಿ ಫ್ಲೆಕ್ಸ್ ಬೇಡ, ಇದನ್ನೇ ಇಡ್ತೀನಿ. ಆದ್ರೆ ಮದುವೆ ಗಿಳಿಗೆ ಕಂಠಿ ಇಲ್ವಲ್ರೀ?"

ನಾನು ಬಾಯಿ ತೆರೆಯುವ ಮೊದಲೇ ನಿಮ್ಮಪ್ಪ, "ಅದು ಎಳೇ ಗಂಡು ಸಾರ್. ಇನ್ನೂ ಮೂಡಿಲ್ಲ" ಎಂದುಬಿಟ್ಟರು.

ಹರ್ಷಿತಾ ಎಂದೋ ಹೇಳಿದ ಮಾತನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದರೋ!

"ಎಳೇದಾದ್ರೆ ಬೆಳೆಸ್ಬಿಡಿ," ಎಂದು ನಕ್ಕರು ವೃಷಭೇಂದ್ರಪ್ಪನವರು. "ಒಂದೆಳೆ ಕೆಂಪು ಎಳೆದ್ರೆ ಮುಗೀತು."

ನಿಮ್ಮಪ್ಪ ಸಣ್ಣ ಕುಂಚ ತೆಗೆದರು. ಕೆಂಪಿಗೆ ಅದ್ದಿದರು, ಡಬ್ಬದ ಅಂಚಿಗೆ ಒರೆಸಿದರು. ತಡೆಯಬೇಕು ಎನಿಸಿತು, ತಡೆಯಲಿಲ್ಲ. ಬೆಳಕಿಗೆ ಹಿಡಿಯಲೆಂದು ಹಲಗೆಯನ್ನು ಎತ್ತಿ ತಿರುಗಿಸಿದರು. ಅದರ ಬೆನ್ನು ಅವರ ಕಣ್ಣಿಗೆ ಬಿತ್ತು. ಹಾಗೆಯೇ ಹಿಡಿದುಕೊಂಡು ನಿಂತರು. ಕುಂಚದಿಂದ ಒಂದು ಹನಿ ಅವರ ಪಂಚೆಯ ಮೇಲೆ ಬಿತ್ತು, ಅದೂ ತಿಳಿಯಲಿಲ್ಲ.

ಆಮೇಲೆ ಕುಂಚವನ್ನು ಸೀಮೆಎಣ್ಣೆಗೆ ಅದ್ದಿ ತೊಳೆದರು.

"ಇದು ಮಾರೋದಲ್ಲ ಸಾರ್."

"ಯಾಕ್ರೀ? ಏನಾಯ್ತು?"

"ನಾನು ಹೇಳಿದ್ದು ಸುಳ್ಳು. ಎಳೇ ಗಂಡಲ್ಲ, ಎರಡೂ ಹೆಣ್ಣೇ. ಕಂಠಿ ಹಾಕಿದ್ರೆ ಸುಳ್ಳು ಬೋರ್ಡ್ ಆಗುತ್ತೆ."

"ಅಲ್ರೀ, ಇಷ್ಟು ವರ್ಷ ಎರಡೂ ಗಂಡೇ ಬರ್ದಿದ್ರಂತಲ್ಲ, ಹರ್ಷಿತಾ ಹೇಳಿ ನಗಾಡ್ತಿದ್ಲು?"

"ಆಗ ಗೊತ್ತಿರ್ಲಿಲ್ಲ ಸಾರ್," ಎಂದರು ನಿಮ್ಮಪ್ಪ. "ಈಗ ಗೊತ್ತು."

ವೃಷಭೇಂದ್ರಪ್ಪನವರು ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. ಏನು ತಿಳಿಯಿತೋ ಬಿಟ್ಟಿತೋ, "ಸರಿ ಬಿಡಿ, ನಮ್ಮ ಹುಡುಗಿಗೆ ಬೇರೆ ಬರ್ಕೊಡಿ. ಕಂಠಿ ಒಂದಕ್ಕೇ ಹಾಕಿ ಆಯ್ತಾ, ಇನ್ನು ನಂಗೂ ಗೊತ್ತಾಯ್ತಲ್ಲ" ಎಂದು ಕಾಫಿ ಕುಡಿದು ಹೋದರು.

ಅವತ್ತು ಊಟಕ್ಕೆ ಕೂತಾಗ ನಿಮ್ಮಪ್ಪ, "ಯುಗಾದಿಗೆ ಬಸ್ಸು ರಶ್ ಇರುತ್ತೆ. ಬರೋರು ಮೊದ್ಲೇ ಸೀಟ್ ಮಾಡ್ಕೋಬೇಕು" ಎಂದರು. ಯಾರಿಗೆ ಎಂದು ಹೇಳಲಿಲ್ಲ. ಎಷ್ಟು ಸೀಟು ಎಂದು ನಾನೂ ಕೇಳಲಿಲ್ಲ. ಈಗ ನಾನು ಹೇಳುತ್ತಿದ್ದೇನೆ, ಎರಡು ಮಾಡಿಸು.

ಮುನಿಯಕ್ಕನಿಗೆ ಗೊತ್ತಾದರೆ ಬೀದಿಗೆಲ್ಲ ಗೊತ್ತಾದ ಹಾಗೆ. ಆಗಲಿ. ಅವಳು ಈಗಲೇ, "ಮಗ್ಳು ಬಂದ್ರೆ ಹೂವು ನಂದು, ಕಾಸು ಬೇಡ, ಚೌಕಾಸಿ ಮಾತ್ರ ಮಾಡ್ಬೇಡಿ" ಎಂದಿದ್ದಾಳೆ. ಯಾರು ಏನೇ ಅಂದುಕೊಳ್ಳಲಿ, ಹೋಳಿಗೆಗೆ ಬೇಳೆ ಹೆಚ್ಚಿಗೆ ನೆನೆಸುತ್ತೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಲ್ಯಾಬಿನಲ್ಲಿ ನಿಂತೇ ಇರಬೇಡ, ಕಾಲು ಊದುತ್ತದೆ. ಗುಂಡನನ್ನು ಗೌರಜ್ಜಿಗೆ ಒಪ್ಪಿಸಿ ಬಾ. ನೀವಿಬ್ಬರೂ ತಣ್ಣಗಿರಿ ಮಗಳೇ. ಕೂತ ಕೊಂಬೆ ಗಟ್ಟಿಯಾಗಿರಲಿ.

ನಿನ್ನ ಅಮ್ಮ,
ಅಂಜಿನಮ್ಮ

ಮತ್ತೆ ಬರೆದದ್ದು: ಮೇಲಿನದನ್ನೆಲ್ಲ ಬರೆದು ಮಡಿಸಿ ಇಟ್ಟಿದ್ದೆ. ಒಂದು ಮಾತು ಉಳಿಯಿತು. ಮರೆತು ಉಳಿದದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ.

ಆ ಹಲಗೆ ಯಾವುದೆಂದು ನಿನಗೆ ಹೊಳೆದಿರಬೇಕು. ನೀನು ಮೂರನೇ ಕ್ಲಾಸಿನಲ್ಲಿದ್ದಾಗ ಅಂಗಡಿಯಲ್ಲಿ ಕೂತು, "ಎಲ್ಲರ ಬೋರ್ಡೂ ಬರೀತೀರ, ನಂದು ಯಾವಾಗ?" ಎಂದು ಹಟ ಮಾಡಿದೆ. ನಿಮ್ಮಪ್ಪ ತೇಗದ ಹಲಗೆಯೊಂದನ್ನು ತಂದು ತಿಕ್ಕಿ ನುಣುಪು ಮಾಡಿ, "ಇದು ನಿಂದು ಕಣವ್ವ, ಗಿಳಿ ನಿಮ್ಮಮ್ಮಂದು, ಹೆಸ್ರು ನಂದು" ಎಂದರು. ಅದರ ಬೆನ್ನ ಮೇಲೆ ನೀನು ಅವರ ಕುಂಚ ಕಸಿದುಕೊಂಡು 'ಹೆಮಶ್ರಿ' ಎಂದು ಬರೆದೆ, ಎರಡು ದೀರ್ಘವನ್ನೂ ನುಂಗಿ. ಕಳೆದ ವಾರ ವೃಷಭೇಂದ್ರಪ್ಪನವರ ಮುಂದೆ ನಿಮ್ಮಪ್ಪ ಕುಂಚ ತೊಳೆದದ್ದು ಆ ತಪ್ಪು ಅಕ್ಷರ ನೋಡಿಯೇ. ನಾನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿದ್ದ ಹಲಗೆ ಅದು, ಅವರಿಗೆ ಹೇಳದೆ ಇಳಿಸಿದ್ದೆ.

ನಿನ್ನೆ ಅವರು ನನಗೆ ಒಂದು ವಿಷಯ ಹೇಳಿದರು. ರವಿಯ ಮದುವೆಯಲ್ಲಿ, ಬಾಗಿಲಿನ ಫ್ಲೆಕ್ಸ್ ಮುಂದೆ ನಿಂತು ನೀನು, "ಅಪ್ಪಾ, ನನ್ನ ಹಲಗೆ ಇನ್ನೂ ಇದೆಯಾ?" ಎಂದು ಕೇಳಿದೆಯಂತೆ. ಅವರು "ಒಲೆಗೆ ಹಾಕಾಯ್ತು" ಎಂದರಂತೆ. ಇಷ್ಟು ದಿನ ನಾನು, ಫೋಟೋಗೆ ಸೇರಿಸಿಕೊಳ್ಳದ್ದಕ್ಕೆ ಮುನಿಸಿಕೊಂಡು ಹೋದೆ ಎಂದುಕೊಂಡಿದ್ದೆ. ನೀನೂ ಹೇಳಲಿಲ್ಲ, ಅವರೂ ಹೇಳಲಿಲ್ಲ. ಒಲೆಗೆ ಹಾಕಿಲ್ಲ, ಮಗಳೇ. ಒಂದು ಮೂಲೆಯೂ ಮುಕ್ಕಾಗಿಲ್ಲ.

ಇವತ್ತು ಬೆಳಗ್ಗೆ ಎದ್ದು ನೋಡಿದರೆ, ಗಿಳಿಗಳ ಕೆಳಗಿನ ಖಾಲಿ ಪಟ್ಟಿಯ ಮೇಲೆ ಸೀಮೆಸುಣ್ಣದ ಗೆರೆ ಹಾಕಿಕೊಂಡು ಕೂತಿದ್ದಾರೆ. ಎಡಕ್ಕೂ ಚಿ॥ ಸೌ॥, ಬಲಕ್ಕೂ ಚಿ॥ ಸೌ॥. "ಇಬ್ರಿಗೂ ಅದೇ ತಾನೆ ಬರೋದು?" ಎಂದು ನನ್ನನ್ನೇ ಗದರಿದರು. ಎಡಕ್ಕೆ ಹೇಮಶ್ರೀ ಬರೆದಾಗಿದೆ, ಎರಡು ದೀರ್ಘವನ್ನೂ ಕೊಟ್ಟು. ಬಲಕ್ಕೆ ಜಾಗ ಬಿಟ್ಟಿದ್ದಾರೆ.

"ಆ ಹುಡುಗಿ ಹೆಸ್ರೇನೇ?" ಎಂದರು.

ಆರಾಧನ ಎಂದು ಕಿವಿಯಲ್ಲಿ ಕೇಳಿದ್ದೇನೆ. ಕಾಗದದ ಮೇಲೆ ಬರೆದದ್ದು ಇದೇ ಮೊದಲು. ನೋಡು, ಈ ಪತ್ರದ ಮೊದಲಿಗೆ ಬೆಕ್ಕನ್ನೂ ಹೆಸರು ಹಿಡಿದು ಕೇಳಿದ್ದೇನೆ, ಅವಳನ್ನು ಕೇಳಿಲ್ಲ. ನಡುವಿನ 'ದ'ದ ಹೊಟ್ಟೆ ಸೀಳಿ 'ಧ' ಮಾಡಬೇಕೋ ಬೇಡವೋ, ಕೊನೆಯಲ್ಲಿ ದೀರ್ಘ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಫೋನ್ ಮಾಡಿ ಕೇಳುತ್ತೇನೆ ಎಂದರೆ, "ಬೇಡ, ಮಹಾನಂದನ ಕಥೆ ಆಗುತ್ತೆ. ಆ ಮನೆಯೋರ ಕೈಬರಹದಲ್ಲೇ ಬರ್ಲಿ" ಎನ್ನುತ್ತಾರೆ.

ಅವಳ ಕೈಯಿಂದಲೇ ಒಂದು ಚೀಟಿಯಲ್ಲಿ ಬರೆಸಿ ಬೇಗ ಕಳಿಸು, ಹೇಮಾ. ಬಣ್ಣ ಕಲಸಿಟ್ಟಿದ್ದಾರೆ. ಎನಾಮಲ್ಲು ಬಹಳ ದಿನ ಕಾಯುವುದಿಲ್ಲ, ಕೆನೆ ಕಟ್ಟುತ್ತದೆ.